ಲೋಕಾಂತ್ಯದ ಮೇಲೆ ನಮಗೇಕೆ ಇಷ್ಟು ಪ್ರೀತಿ?



ನವೆಂಬರ್ ಬಂತೆಂದರೆ ಬಲಿಪೂಜೆಯ ವಾಚನಗಳ ಧಾಟಿ ಬದಲಾಗುತ್ತದೆ. ಧರ್ಮಸಭೆಯ ಪೂಜಾ ವರ್ಷ ಮುಗಿಯುತ್ತಾ ಬಂದಂತೆ ಯುದ್ಧ, ಭೂಕಂಪ, ಬರಗಾಲ, ಕತ್ತಲಾಗುವ ಸೂರ್ಯನ ಮಾತುಗಳು ಇಗರ್ಜಿಯಲ್ಲಿ ಕೇಳಿಸುತ್ತವೆ. ಅದೇ ಹೊತ್ತಿಗೆ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಇನ್ನೊಂದು ಬಗೆಯ ವಾಚನ ಶುರುವಾಗುತ್ತದೆ. ಆಧಾರ್ ಕಾರ್ಡೇ ಮೃಗದ ಗುರುತು. ಲಸಿಕೆಯೊಳಗೆ ಚಿಪ್ ಉಂಟು. ಮೂರು ದಿನ ಲೋಕಕ್ಕೆಲ್ಲ ಕತ್ತಲೆ ಕವಿಯಲಿದೆ, ಆಶೀರ್ವದಿಸಿದ ಮೇಣದಬತ್ತಿ ಮಾತ್ರ ಉರಿಯಲಿದೆ. ಇಂಥ ದಿನ ಇಂಥ ಗಂಟೆಗೆ ಎಲ್ಲವೂ ಮುಗಿಯಲಿದೆ. ಕೊನೆಗೊಂದು ಬೆದರಿಕೆ ಬೇರೆ: ಇದನ್ನು ಹತ್ತು ಮಂದಿಗೆ ಕಳುಹಿಸದವರು ವಿಶ್ವಾಸಿಗಳೇ ಅಲ್ಲವಂತೆ.

ಈ ವ್ಯಾಪಾರದ ವಿರುದ್ಧ ನಾವು ಬರೆಯುತ್ತಿದ್ದೇವೆ. ಲೋಕಾಂತ್ಯದ ಬಗ್ಗೆ ಕುತೂಹಲ ಇರುವುದು ಪಾಪವಲ್ಲ, ಅದು ಮನುಷ್ಯನ ಮಿದುಳಿನ ಸಹಜ ಗುಣ. ಆದರೆ ಆ ಕುತೂಹಲಕ್ಕೆ ವಿಶ್ವಾಸವೆಂಬ ಹೆಸರಿಟ್ಟು ಮಾರುವುದು ಮೋಸ. ಈ ಮೋಸದ ದೊಡ್ಡ ನಷ್ಟ ಏನೆಂದರೆ, ಆಕಾಶದಿಂದ ಬೀಳುವ ಬೆಂಕಿಯನ್ನು ಕಾಯುತ್ತಾ ನಿಂತವನಿಗೆ ಪಕ್ಕದ ಮನೆಯ ಸಂಕಟ ಕಾಣಿಸುವುದಿಲ್ಲ.

ಇದು ಕ್ರೈಸ್ತರ ರೋಗ ಮಾತ್ರವಲ್ಲ

ಮೊದಲಿಗೆ ಒಂದು ಮಾತು ಸ್ಪಷ್ಟವಾಗಲಿ. ಲೋಕ ಮುಗಿಯುತ್ತದೆಂಬ ಗುಲ್ಲು ಬೈಬಲ್ ಓದುವವರಲ್ಲಿ ಮಾತ್ರ ಹುಟ್ಟುವುದಲ್ಲ. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜ ಅಜ್ಜಿ ಇದ್ದರೆ 'ಅಷ್ಟಗ್ರಹ ಕೂಟ' ಎಂದರೇನೆಂದು ಕೇಳಿ ನೋಡಿ. 1962ರ ಫೆಬ್ರವರಿ 3ರಿಂದ 5ರವರೆಗೆ ಸೂರ್ಯ, ಚಂದ್ರ ಮತ್ತು ಗ್ರಹಗಳು ಮಕರ ರಾಶಿಯಲ್ಲಿ ಒಟ್ಟು ಸೇರುತ್ತವೆ, ಅಲ್ಲಿಗೆ ಪ್ರಳಯವಾಗುತ್ತದೆ ಎಂದು ದೇಶವಿಡೀ ಸುದ್ದಿಯಾಗಿತ್ತು. ಊರೂರಲ್ಲಿ ಹೋಮ ಹವನಗಳಾದವು. ಫೆಬ್ರವರಿ 6ರ ಬೆಳಿಗ್ಗೆ ಎಂದಿನಂತೆ ಸೂರ್ಯ ಹುಟ್ಟಿದ.

ಐವತ್ತು ವರ್ಷಗಳ ನಂತರ ಅದೇ ಕತೆ ಮಾಯಾ ಕ್ಯಾಲೆಂಡರಿನ ಹೆಸರಲ್ಲಿ ಬಂತು. 2012ರ ಡಿಸೆಂಬರ್ 21ಕ್ಕೆ ಲೋಕ ಮುಗಿಯುತ್ತದೆ ಎಂದರು. ನಿಜವಾಗಿ ಆ ದಿನ ಮುಗಿದದ್ದು ಹಳೆಯ ಮಾಯಾ ಜನರ ಎಣಿಕೆಯ ಒಂದು ದೊಡ್ಡ ಸುತ್ತು ಮಾತ್ರ. ನಮ್ಮ ಗೋಡೆಯ ಕ್ಯಾಲೆಂಡರ್ ಡಿಸೆಂಬರ್ 31ಕ್ಕೆ ಮುಗಿದ ಹಾಗೆ. ಆ ವರ್ಷ ಇಪ್ಸೋಸ್ ಸಂಸ್ಥೆ ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿ ಹದಿನಾರು ಸಾವಿರಕ್ಕಿಂತ ಹೆಚ್ಚು ಮಂದಿಯನ್ನು ಕೇಳಿತ್ತು. ನೂರಕ್ಕೆ ಸುಮಾರು 15 ಮಂದಿ ತಮ್ಮ ಜೀವಮಾನದಲ್ಲೇ ಲೋಕ ಮುಗಿಯುತ್ತದೆ ಎಂದರು. ನೂರಕ್ಕೆ 10 ಮಂದಿ ಮಾಯಾ ಕ್ಯಾಲೆಂಡರಿನ ಮಾತು ನಿಜವಿರಬಹುದು ಎಂದರು. ಹಿಂದೂ, ಕ್ರೈಸ್ತ, ಮುಸ್ಲಿಂ, ನಾಸ್ತಿಕ ಎಂಬ ಭೇದವಿಲ್ಲದೆ ಕಾಣುವ ಈ ಗುಣದ ಬೇರು ಧರ್ಮಗ್ರಂಥದಲ್ಲಿ ಇರಲಾರದು. ಅದು ಮನುಷ್ಯನಲ್ಲೇ ಇರಬೇಕು.

ತಲೆಯೊಳಗೆ ನಡೆಯುವುದೇನು?

ಗುಡ್ಡೆಯ ದಾರಿಯಲ್ಲಿ ಮುಸ್ಸಂಜೆ ಹೊತ್ತು ಹಗ್ಗ ಕಂಡು ಹಾವೆಂದು ಹಾರಿದವನು ಬದುಕುತ್ತಾನೆ. ಹಾವು ಕಂಡು ಹಗ್ಗವೆಂದು ತುಳಿದವನು ಸಾಯುತ್ತಾನೆ. ಲಕ್ಷಾಂತರ ವರ್ಷಗಳಿಂದ ಹೀಗೆ ಹೆದರಿ ಬದುಕಿದವರ ಮೊಮ್ಮಕ್ಕಳು ನಾವು. ಹಾಗಾಗಿ ಒಳ್ಳೆಯ ಸುದ್ದಿಗಿಂತ ಕೆಟ್ಟ ಸುದ್ದಿಗೆ ನಮ್ಮ ಗಮನ ಬೇಗ ಹೋಗುತ್ತದೆ, ಅದು ಹೆಚ್ಚು ಕಾಲ ನೆನಪಿರುತ್ತದೆ. ಮನಶ್ಶಾಸ್ತ್ರಜ್ಞರು ಇದನ್ನು ಹಲವು ಬಗೆಯಲ್ಲಿ ಪರೀಕ್ಷಿಸಿ ನೋಡಿದ್ದಾರೆ.

ಎರಡನೆಯದು ಹಿಡಿತ ತಪ್ಪಿದ ಅನುಭವ. 2008ರಲ್ಲಿ ಜೆನಿಫರ್ ವಿಟ್ಸನ್ ಮತ್ತು ಆಡಂ ಗಲಿನ್‌ಸ್ಕಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪರಿಸ್ಥಿತಿ ತಮ್ಮ ಕೈಯಲ್ಲಿಲ್ಲ ಎಂದು ಅನಿಸುವಂತೆ ಮಾಡಿದ ಜನರಿಗೆ ಬರೀ ಚುಕ್ಕೆಗಳ ಗೊಂದಲದಲ್ಲೂ ಚಿತ್ರಗಳು ಕಾಣಿಸತೊಡಗಿದವು. ಸಂಬಂಧವಿಲ್ಲದ ಘಟನೆಗಳ ಹಿಂದೆ ಪಿತೂರಿ ಇದೆಯೆಂದು ಅನಿಸತೊಡಗಿತು. ಡಿಗ್ರಿ ಮುಗಿಸಿ ಕೆಲಸ ಸಿಗದೆ ಕೂತ, ಗಲ್ಫಿಗೆ ಹೋಗಲು ವೀಸಾ ಕಾಯುತ್ತಿರುವ, ಮನೆಯ ಸಾಲದ ಕಂತು ಎಣಿಸುತ್ತಿರುವ ಹುಡುಗನಿಗೆ ಬಾರ್‌ಕೋಡಿನಲ್ಲಿ 666 ಕಂಡರೆ ಅವನು ದಡ್ಡನೆಂದು ನಗಬಾರದು. ಅವನ ಮಿದುಳು ಹಿಡಿತ ಹುಡುಕುತ್ತಿದೆ. ನಗಬೇಕಾದದ್ದು, ಅಲ್ಲ, ಸಿಟ್ಟಾಗಬೇಕಾದದ್ದು ಅವನ ಆ ಸ್ಥಿತಿಯನ್ನೇ ಬಂಡವಾಳ ಮಾಡಿಕೊಂಡವರ ಮೇಲೆ.

ಮೂರನೆಯದು ಸಾವಿನ ಭಯ. ಅರ್ನೆಸ್ಟ್ ಬೆಕರ್ 1973ರಲ್ಲಿ ಬರೆದ 'ದಿ ಡಿನಾಯಲ್ ಆಫ್ ಡೆತ್' ಪುಸ್ತಕದಿಂದ ಬೆಳೆದ ವಿಚಾರ ಇದು: ತಾನು ಸಾಯುತ್ತೇನೆ ಎಂಬ ಅರಿವನ್ನು ನೇರವಾಗಿ ನೋಡಲಾರದ ಮನುಷ್ಯ ತನಗಿಂತ ದೊಡ್ಡ ಕತೆಯೊಂದರಲ್ಲಿ ಆಶ್ರಯ ಪಡೆಯುತ್ತಾನೆ. ಒಬ್ಬನೇ ಆಸ್ಪತ್ರೆಯ ಮಂಚದಲ್ಲಿ ಸಾಯುವುದು ಭಯಂಕರ. ಎಲ್ಲರೂ ಒಟ್ಟಿಗೆ ಮುಗಿಯುವುದಾದರೆ ಏನೋ ಒಂದು ಸಮಾಧಾನ. ನಾವಿಲ್ಲದ ಮೇಲೂ ಊರಿನ ಹಬ್ಬ ನಡೆಯುತ್ತದೆ, ಬಸ್ಸು ಓಡುತ್ತದೆ ಎಂಬುದನ್ನು ಒಪ್ಪಿಕೊಳ್ಳುವುದಕ್ಕಿಂತ ಲೋಕವೇ ಮುಗಿಯಲಿ ಎನ್ನುವುದು ಮನಸ್ಸಿಗೆ ಸುಲಭ.

ನಾಲ್ಕನೆಯದು ಕತೆಯ ಆಸೆ. ಇಂಗ್ಲಿಷ್ ವಿಮರ್ಶಕ ಫ್ರಾಂಕ್ ಕರ್ಮೋಡ್ 1967ರಲ್ಲಿ ಇದನ್ನು ಚೆನ್ನಾಗಿ ವಿವರಿಸಿದರು. ನಾವು ಹುಟ್ಟುವ ಮೊದಲೇ ಕತೆ ಶುರುವಾಗಿದೆ, ನಾವು ಸತ್ತ ಮೇಲೂ ಮುಂದುವರಿಯುತ್ತದೆ. ಹೀಗೆ ನಡುವಿನಲ್ಲಿ ಸಿಕ್ಕಿಬಿದ್ದವರಿಗೆ ಒಂದು ಮುಕ್ತಾಯ ಬೇಕೆನಿಸುತ್ತದೆ. ಆ ಮುಕ್ತಾಯ ನಮ್ಮ ಕಾಲದಲ್ಲೇ ಬಂದರೆ ನಾವು ಸಾಮಾನ್ಯರಲ್ಲ, ಇತಿಹಾಸದ ಕೊನೆಯ ಸಾಕ್ಷಿಗಳು! ಎಲ್ಲ ತಲೆಮಾರಿನವರಿಗೂ ತಮ್ಮ ಕಾಲವೇ ಕೊನೆಯ ಕಾಲವೆಂದು ಅನಿಸಿದ್ದು ಇದೇ ಕಾರಣಕ್ಕೆ.

ಇಷ್ಟು ಹೇಳಿದ್ದಕ್ಕೆ ನಾವು ಸಿನಿಮಾ ವಿರೋಧಿಗಳೆಂದು ತಿಳಿಯಬೇಡಿ. 2020ರ ಆರಂಭದಲ್ಲಿ ಕೊರೊನಾ ಹಬ್ಬುತ್ತಿದ್ದಾಗ 2011ರ 'ಕಂಟೇಜಿಯನ್' ಚಿತ್ರವನ್ನು ಜನ ಹುಡುಕಿ ಹುಡುಕಿ ನೋಡಿದರು. ಕೋಲ್ಟನ್ ಸ್ಕ್ರಿವ್ನರ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಜೋಂಬಿ, ಪ್ರಳಯ, ಅನ್ಯಗ್ರಹದವರ ದಾಳಿಯ ಚಿತ್ರಗಳನ್ನು ಇಷ್ಟಪಡುವವರು ಆ ಸಾಂಕ್ರಾಮಿಕಕ್ಕೆ ತಾವು ಹೆಚ್ಚು ಸಿದ್ಧರಾಗಿದ್ದೆವು ಎಂದು ಹೇಳಿಕೊಂಡಿದ್ದರು. ಕತೆಯನ್ನು ಕತೆಯೆಂದು ನೋಡಿದರೆ ಅದು ಒಂದು ಬಗೆಯ ತಾಲೀಮು. ಸಿನಿಮಾ ಎರಡು ಗಂಟೆಗೆ ಮುಗಿದು ನಮ್ಮನ್ನು ಮನೆಗೆ ಕಳುಹಿಸುತ್ತದೆ. ಹೆದರಿಕೆಯ ಬೋಧಕ ಮನೆಗೆ ಕಳುಹಿಸುವುದಿಲ್ಲ. ವಾರ ವಾರ ಮತ್ತೆ ಬರಹೇಳುತ್ತಾನೆ.

ತಾರೀಖು ಕೊಟ್ಟವರ ಕತೆ

ಅಮೆರಿಕದ ರೈತ ವಿಲಿಯಂ ಮಿಲ್ಲರ್ ದಾನಿಯೇಲನ ಗ್ರಂಥದ ಅಂಕಿಗಳನ್ನು ಕೂಡಿಸಿ ಕಳೆದು ಕ್ರಿಸ್ತನ ಮರು ಆಗಮನ 1843-44ರಲ್ಲಿ ಎಂದು ಸಾರಿದ. ಆ ಅವಧಿ ದಾಟಿದ ಮೇಲೆ ಅವನ ಬಳಗದವರು 1844ರ ಅಕ್ಟೋಬರ್ 22 ಎಂದು ದಿನವನ್ನೇ ಗೊತ್ತು ಮಾಡಿದರು. ಸಾವಿರಾರು ಜನ ಕಾದು ಕೂತರು. ಬೆಳೆ ಕೊಯ್ಯದೆ ಬಿಟ್ಟವರೂ ಇದ್ದರು. ಮರುದಿನ ಬೆಳಗಾಯಿತು. ಚರಿತ್ರೆಯಲ್ಲಿ ಅದಕ್ಕೆ 'ಮಹಾ ನಿರಾಶೆ' ಎಂದೇ ಹೆಸರು.

ಕ್ಯಾಲಿಫೋರ್ನಿಯಾದ ರೇಡಿಯೋ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21ರಂದು ನ್ಯಾಯತೀರ್ಪಿನ ದಿನ ಎಂದು ಸಾರಿದರು. ಹಲವು ದೇಶಗಳಲ್ಲಿ ದೊಡ್ಡ ದೊಡ್ಡ ಜಾಹೀರಾತು ಫಲಕಗಳು ಎದ್ದವು. ಜೀವಮಾನದ ಉಳಿತಾಯವನ್ನು ಆ ಪ್ರಚಾರಕ್ಕೆ ಸುರಿದವರಿದ್ದರು. ಏನೂ ಆಗಲಿಲ್ಲ. ಆಗ ಅವರು ತಾರೀಖನ್ನು ಅಕ್ಟೋಬರ್ 21ಕ್ಕೆ ಮುಂದೂಡಿದರು. ಅದೂ ದಾಟಿತು. 2012ರಲ್ಲಿ ಅವರೇ ಪತ್ರ ಬರೆದು ತಾರೀಖು ಹೇಳಿದ್ದು ಪಾಪವೆಂದು ಒಪ್ಪಿಕೊಂಡರು. ಅವರ ಮಾತು ನಂಬಿ ಖರ್ಚು ಮಾಡಿದವರ ಹಣ ಮಾತ್ರ ಮರಳಿ ಬರಲಿಲ್ಲ.

ಮಾತು ಸುಳ್ಳಾದ ಮೇಲೂ ಜನ ಯಾಕೆ ನಂಬುತ್ತಾರೆ? 1954ರಲ್ಲಿ ಷಿಕಾಗೋ ಸಮೀಪದ ಒಂದು ಸಣ್ಣ ಗುಂಪು ಡಿಸೆಂಬರ್ 21ರಂದು ಜಲಪ್ರಳಯವಾಗುತ್ತದೆ, ತಮ್ಮನ್ನು ಹಾರುವ ತಟ್ಟೆ ಬಂದು ಕರೆದೊಯ್ಯುತ್ತದೆ ಎಂದು ನಂಬಿತ್ತು. ಲಿಯೋನ್ ಫೆಸ್ಟಿಂಗರ್ ಮತ್ತು ಸಂಗಡಿಗರು ಗುಂಪಿನೊಳಗೆ ತಮ್ಮವರನ್ನು ಸೇರಿಸಿ ಗಮನಿಸಿದರು. ಮಧ್ಯರಾತ್ರಿ ಕಳೆಯಿತು, ತಟ್ಟೆ ಬರಲಿಲ್ಲ. ಬೆಳಗಿನ ಜಾವ ಗುಂಪಿನ ಮುಖ್ಯಸ್ಥೆಗೆ ಹೊಸ 'ಸಂದೇಶ' ಬಂತು: ನಿಮ್ಮ ಭಕ್ತಿಯಿಂದಾಗಿ ಲೋಕ ಉಳಿಯಿತು! ಅಲ್ಲಿಯವರೆಗೆ ಪತ್ರಿಕೆಯವರನ್ನು ದೂರ ಇಟ್ಟಿದ್ದವರು ಆಮೇಲೆ ತಾವೇ ಫೋನ್ ಮಾಡಿ ಕರೆದರು ಎಂದು 1956ರಲ್ಲಿ ಬಂದ ಪುಸ್ತಕ ಹೇಳುತ್ತದೆ. ಒಳಗೆ ಸೇರಿದ ಸಂಶೋಧಕರೇ ಗುಂಪಿನ ಮೇಲೆ ಪ್ರಭಾವ ಬೀರಿದರು ಎಂಬ ಟೀಕೆ ಈ ಅಧ್ಯಯನದ ಮೇಲೆ ಇದೆ, ಅದನ್ನೂ ತಿಳಿದಿರಬೇಕು. ಆದರೂ ಹೊಸ ತಾರೀಖು ಹುಡುಕುವ, ಸೋಲನ್ನು ಗೆಲುವೆಂದು ಹೇಳುವ ಬುದ್ಧಿ ಹೊಸದಲ್ಲ. ಕೆಲಸ ಬಿಟ್ಟು, ಮನೆ ಮಾರಿ, ನೆಂಟರ ಜೊತೆ ಜಗಳ ಮಾಡಿ ನಂಬಿದವನಿಗೆ 'ಅದು ಸುಳ್ಳು' ಎನ್ನಲು ಬಹಳ ಧೈರ್ಯ ಬೇಕು.

ಇದು ಬರೀ ತಮಾಷೆಯಲ್ಲ. 2023ರಲ್ಲಿ ಕೆನ್ಯಾದ ಶಾಕಹೋಲಾ ಕಾಡಿನಲ್ಲಿ ಅಗೆದಾಗ 400ಕ್ಕೂ ಹೆಚ್ಚು ಶವಗಳು ಸಿಕ್ಕವು. ಕೊನೆಯ ದಿನ ಬರುವ ಮೊದಲು ಉಪವಾಸವಿದ್ದು ಪ್ರಾಣ ಬಿಟ್ಟರೆ ಯೇಸುವನ್ನು ಕಾಣಬಹುದೆಂದು ಅವರಿಗೆ ಬೋಧಿಸಲಾಗಿತ್ತು ಎಂಬುದು ಆರೋಪ. ಸತ್ತವರಲ್ಲಿ ಮಕ್ಕಳೂ ಇದ್ದರು. ಮಕ್ಕಳು ಯಾವ ತಾರೀಖನ್ನೂ ಲೆಕ್ಕ ಹಾಕಿರಲಿಲ್ಲ.

'ಹೆದರಿಯಾದರೂ ಇಗರ್ಜಿಗೆ ಬರುತ್ತಾರಲ್ಲ?'

ಈ ಮಾತನ್ನು ಒಳ್ಳೆಯವರೇ ಹೇಳುತ್ತಾರೆ. ಹೆದರಿಕೆಯಿಂದಾದರೂ ಯುವಕರು ಪಾಪನಿವೇದನೆಗೆ ಬರಲಿ, ಕುಡಿತ ಬಿಡಲಿ, ಜಪಸರ ಹಿಡಿಯಲಿ ಎನ್ನುತ್ತಾರೆ. ಅವರ ಕಳಕಳಿಯ ಬಗ್ಗೆ ನಮಗೆ ಗೌರವವಿದೆ. ಆದರೆ ಒಪ್ಪಿಗೆ ಇಲ್ಲ. ತಾರೀಖಿಗೆ ಹೆದರಿ ಬಂದವನು ತಾರೀಖು ದಾಟಿದ ಮೇಲೆ ಯಾಕೆ ಉಳಿಯಬೇಕು? ಸುಳ್ಳಾದ ಪ್ರತಿಯೊಂದು ಭವಿಷ್ಯವಾಣಿಯ ಜೊತೆ ನಿಜವಾದ ಶುಭಸಂದೇಶದ ಮೇಲಿನ ನಂಬಿಕೆಯೂ ಸ್ವಲ್ಪ ಕರಗುತ್ತದೆ. ಮೂರು ಸಲ 'ಹುಲಿ ಬಂತು' ಎಂದು ಕೂಗಿದ ಮೇಲೆ ನಾಲ್ಕನೆಯ ಸಲ ಯಾರೂ ಓಡಿ ಬರುವುದಿಲ್ಲ.

ಧರ್ಮಸಭೆಗೆ ಇದು ಇಂದು ನಿನ್ನೆ ಗೊತ್ತಾದದ್ದಲ್ಲ. 1516ರ ಡಿಸೆಂಬರಿನಲ್ಲಿ ಐದನೇ ಲ್ಯಾಟರನ್ ಮಹಾಸಭೆ ಬೋಧಕರಿಗೆ ಆಜ್ಞೆ ಹೊರಡಿಸಿ, ಕ್ರಿಸ್ತವಿರೋಧಿ ಬರುವ ಕಾಲವನ್ನೋ ನ್ಯಾಯತೀರ್ಪಿನ ದಿನವನ್ನೋ ಗೊತ್ತುಪಡಿಸಿ ಬೋಧಿಸಬಾರದೆಂದು ನಿಷೇಧಿಸಿತು. ಐನೂರು ವರ್ಷಗಳ ಹಿಂದೆಯೇ ಬಾಗಿಲು ಹಾಕಿದ ಅಂಗಡಿಯನ್ನು ನಾವು ಇಂದು ಮೊಬೈಲಿನಲ್ಲಿ ಮತ್ತೆ ತೆರೆಯುವುದೇ? ಆ ದಿನ, ಆ ಗಳಿಗೆ ತಂದೆಗಲ್ಲದೆ ಯಾರಿಗೂ ತಿಳಿಯದೆಂದು ಯೇಸುವೇ ಶಿಷ್ಯರಿಗೆ ಹೇಳಿದ್ದನ್ನು ಸಂತ ಮಾರ್ಕ ಹದಿಮೂರನೇ ಅಧ್ಯಾಯದಲ್ಲಿ ದಾಖಲಿಸಿದ್ದಾನೆ. ಥೆಸಲೋನಿಕದಲ್ಲಿ ಪ್ರಭುವಿನ ದಿನ ಬಂದೇಬಿಟ್ಟಿತೆಂಬ ಗುಲ್ಲು ಎದ್ದಿದ್ದಾಗ, ಅಲ್ಲಿ ಕೆಲಸ ಬಿಟ್ಟು ತಿರುಗುತ್ತಿದ್ದವರಿಗೆ ಸಂತ ಪೌಲ ಕೊಟ್ಟ ಸಲಹೆ ಏನು? ಸುಮ್ಮನೆ ಹೋಗಿ ದುಡಿದು ತಿನ್ನಿರೆಂದು. ಅಷ್ಟೇ.

ಇನ್ನು ಪ್ರಕಟನಾ ಗ್ರಂಥ. ಅದು ರಹಸ್ಯ ಕ್ಯಾಲೆಂಡರ್ ಅಲ್ಲ. ಒಂದನೇ ಶತಮಾನದ ಕೊನೆಯಲ್ಲಿ ರೋಮ್ ಸಾಮ್ರಾಜ್ಯದ ಒತ್ತಡಕ್ಕೆ ಸಿಕ್ಕಿದ್ದ, ಈಗಿನ ಟರ್ಕಿಯಲ್ಲಿದ್ದ ಏಳು ಸಭೆಗಳಿಗೆ ಬರೆದ ಧೈರ್ಯದ ಪತ್ರ. 666 ಎಂಬ ಅಂಕಿ ನೀರೋ ಚಕ್ರವರ್ತಿಯ ಹೆಸರಿನ ಸಂಕೇತವೆಂದು ಬಹುಪಾಲು ವಿದ್ವಾಂಸರು ಹೇಳುತ್ತಾರೆ. 'ಅಪೊಕಲಿಪ್ಸಿಸ್' ಎಂಬ ಗ್ರೀಕ್ ಪದಕ್ಕೆ ನಾಶವೆಂಬ ಅರ್ಥವೇ ಇಲ್ಲ. ತೆರೆ ಸರಿಸಿ ತೋರಿಸುವುದು ಎಂದು ಅದರ ಅರ್ಥ. ಸಾಮ್ರಾಜ್ಯದ ಆಡಂಬರದ ಹಿಂದಿನ ಕ್ರೌರ್ಯವನ್ನು ತೆರೆ ಸರಿಸಿ ತೋರಿಸಿದ ಪುಸ್ತಕವನ್ನು ಆಧಾರ್ ಕಾರ್ಡಿಗೆ ಹೆದರಿಸಲು ಬಳಸುವುದು ಆ ಹುತಾತ್ಮರಿಗೆ ಮಾಡುವ ಅವಮಾನ.

ಸದ್ದಿಲ್ಲದೆ ಬಂದ ಪ್ರಳಯ

ಈಗ ನಮ್ಮ ಕಾಸರಗೋಡಿಗೆ ಬರೋಣ. ಕ್ಯಾಂಪಿಂಗ್ ಅವರ ತಾರೀಖು 2011ರ ಮೇ 21. ಅದಕ್ಕೆ ಸರಿಯಾಗಿ ಎಂಟು ದಿನ ಮೊದಲು, ಮೇ 13ರಂದು, ಸುಪ್ರೀಂ ಕೋರ್ಟು ದೇಶದಲ್ಲಿ ಎಂಡೋಸಲ್ಫಾನ್ ತಯಾರಿಕೆ ಮತ್ತು ಬಳಕೆಯನ್ನು ಮಧ್ಯಂತರ ಆದೇಶದಿಂದ ನಿಷೇಧಿಸಿತು. ಮೇ 21ರ ಸುಳ್ಳು ಪ್ರಳಯಕ್ಕೆ ಲೋಕವಿಡೀ ಟಿವಿ ಕ್ಯಾಮೆರಾಗಳಿದ್ದವು. ಇಲ್ಲಿನ ನಿಜವಾದ ಪ್ರಳಯಕ್ಕೆ ಅಷ್ಟು ಹೊತ್ತಿಗೆ ಮೂವತ್ತು ವರ್ಷ ದಾಟಿತ್ತು.

1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವಿಷ ಸುರಿಯಿತು. ಗುಡ್ಡದ ಮೇಲೆ ತೋಟ, ಕೆಳಗೆ ತೋಡು, ಬಾವಿ, ಸುರಂಗದ ನೀರು ಕುಡಿಯುವ ಮನೆಗಳು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಏನೋ ಸರಿಯಿಲ್ಲ ಎಂದು ಗಮನಿಸಿ, ಮನೆ ಮನೆಯ ಲೆಕ್ಕ ತೆಗೆದರು. ಪತ್ರಕರ್ತ ಶ್ರೀ ಪಡ್ರೆ ಬರೆದರು. ಪೆರಿಯದ ಲೀಲಾಕುಮಾರಿ ಅಮ್ಮ ನ್ಯಾಯಾಲಯಕ್ಕೆ ಹೋದರು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ನೀರು, ಮಣ್ಣು, ಜನರ ರಕ್ತದಲ್ಲಿ ಎಂಡೋಸಲ್ಫಾನ್ ಅಂಶವನ್ನು ಪತ್ತೆ ಮಾಡಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದಿತು. 2022ರಲ್ಲಿ ಅದೇ ನ್ಯಾಯಾಲಯ ವಿಳಂಬಕ್ಕಾಗಿ ರಾಜ್ಯ ಸರಕಾರವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು.

ಇದರಲ್ಲಿ ಆಕಾಶದಿಂದ ಬಿದ್ದ ವಿಷವಿತ್ತು, ಕಹಿಯಾದ ನೀರಿತ್ತು, ಮಕ್ಕಳ ನರಳಾಟವಿತ್ತು. ಆದರೂ ಇದನ್ನು ಯಾರೂ ಹತ್ತು ಮಂದಿಗೆ ಫಾರ್ವರ್ಡ್ ಮಾಡಿ ಎನ್ನಲಿಲ್ಲ. ಯಾಕೆ? ನಮ್ಮ ಮಿದುಳಿಗೆ ಒಮ್ಮೆಲೆ ಬರುವ ಅಂತ್ಯ ಬೇಕು, ಇದು ಇಪ್ಪತ್ತು ವರ್ಷ ಮೆಲ್ಲಗೆ ಬಂತು. ಎಲ್ಲರಿಗೂ ಸಮನಾಗಿ ಬರುವ ಅಂತ್ಯ ಬೇಕು, ಇದು ತೋಟದ ಬುಡದ ಬಡವರಿಗೆ ಮಾತ್ರ ಬಂತು. ಎಲ್ಲಕ್ಕಿಂತ ಮುಖ್ಯವಾಗಿ, ಸಿನಿಮಾದ ಪ್ರಳಯ ನಮ್ಮಿಂದ ಏನನ್ನೂ ಕೇಳುವುದಿಲ್ಲ. ಲೋಕವೇ ಮುಗಿಯುವುದಾದರೆ ಅರ್ಜಿ ಬರೆಯಬೇಕಿಲ್ಲ, ಪಂಚಾಯತಿಗೆ ಹೋಗಬೇಕಿಲ್ಲ, ಪಕ್ಕದ ಮನೆಯ ತಾಯಿಗೆ ಒಂದು ಮಧ್ಯಾಹ್ನ ಬಿಡುವು ಕೊಡಲು ಅವಳ ಮಗುವಿನ ಬಳಿ ಕೂರಬೇಕಿಲ್ಲ. ಲೋಕಾಂತ್ಯದ ಮೇಲಿನ ಪ್ರೀತಿಯಲ್ಲಿ ದೊಡ್ಡ ಪಾಲು ಈ ರಜೆಯ ಆಸೆ.

ಸಂತ ಮತ್ತಾಯನ ಶುಭಸಂದೇಶದ 24ನೇ ಅಧ್ಯಾಯದಲ್ಲಿ ಯುದ್ಧ, ಭೂಕಂಪಗಳ ಮಾತಿದೆ. ವಾಟ್ಸಾಪ್ ಪ್ರವಾದಿಗಳು ಅಲ್ಲಿಗೇ ಪುಸ್ತಕ ಮುಚ್ಚುತ್ತಾರೆ. 25ನೇ ಅಧ್ಯಾಯದಲ್ಲಿ ನ್ಯಾಯಾಧಿಪತಿ ಕೊನೆಯ ದಿನ ನೋಡುವ ಲೆಕ್ಕ ಇದೆ. ಅಲ್ಲಿ ತಾರೀಖು ಸರಿಯಾಗಿ ಊಹಿಸಿದ್ದಕ್ಕೆ ಅಂಕವಿಲ್ಲ. ಹಸಿದವನಿಗೆ ಉಣ್ಣಿಸಿದ್ದು, ಬಾಯಾರಿದವನಿಗೆ ನೀರು ಕೊಟ್ಟದ್ದು, ರೋಗಿಯನ್ನು ನೋಡಲು ಹೋದದ್ದು ಮಾತ್ರ ಲೆಕ್ಕಕ್ಕೆ ಬರುತ್ತದೆ.

ನಾವು ಮಾಡಬಹುದಾದದ್ದು

2018ರಲ್ಲಿ ಅಮೆರಿಕದ ಎಂಐಟಿ ಸಂಶೋಧಕರು ಟ್ವಿಟರಿನಲ್ಲಿ ಹರಿದಾಡಿದ ಸುಮಾರು 1,26,000 ಸುದ್ದಿಗಳನ್ನು ಪರಿಶೀಲಿಸಿದರು. ನಿಜ ಸುದ್ದಿಗಿಂತ ಸುಳ್ಳು ಸುದ್ದಿಯನ್ನು ಜನ ಮುಂದೆ ಕಳುಹಿಸುವ ಸಾಧ್ಯತೆ ನೂರಕ್ಕೆ 70ರಷ್ಟು ಹೆಚ್ಚಿತ್ತು. ಅದನ್ನು ಹರಡಿದ್ದು ಯಂತ್ರಗಳಿಗಿಂತ ಹೆಚ್ಚಾಗಿ ಮನುಷ್ಯರೇ. ಅಂದರೆ ಕೊಂಡಿ ಕಡಿಯುವುದು ನಮ್ಮ ಹೆಬ್ಬೆರಳಿನಲ್ಲಿದೆ.

ಯಾವುದೇ ಲೋಕಾಂತ್ಯದ ಸಂದೇಶ ಬಂದರೆ ಮೂರು ಪ್ರಶ್ನೆ ಕೇಳೋಣ. ಇದನ್ನು ಹೇಳಿದವರು ಯಾರು, ಅವರ ಹೆಸರಿದೆಯೇ? ಇವರು ಮೊದಲು ಕೊಟ್ಟ ತಾರೀಖು ಏನಾಯಿತು? ಇದನ್ನು ಓದಿದ ಮೇಲೆ ಒಬ್ಬ ಬಡವನಿಗೆ ಒಳ್ಳೆಯದು ಮಾಡಬೇಕೆನಿಸುತ್ತದೆಯೇ, ಇಲ್ಲ ಬಾಗಿಲು ಹಾಕಿಕೊಳ್ಳಬೇಕೆನಿಸುತ್ತದೆಯೇ? ಉತ್ತರ ಸಿಗದಿದ್ದರೆ ಸಂದೇಶ ಅಲ್ಲಿಗೇ ನಿಲ್ಲಲಿ. ಕಳುಹಿಸಿದವರು ದೊಡ್ಡವರಾದರೆ, ಮಾಮಿಯೋ ಅಂಕಲ್ಲೋ ಆದರೆ, ಗುಂಪಿನಲ್ಲಿ ಅವಮಾನ ಮಾಡದೆ ಬೇರೆಯಾಗಿ ಫೋನ್ ಮಾಡಿ ಹೇಳೋಣ. ಅವರಿಗೆ ಭಯವಾಗಿರಬಹುದು. ಹೆದರಿದವರಿಗೆ ವಾದಕ್ಕಿಂತ ಮೊದಲು ಜೊತೆ ಬೇಕು.

ಈ ಆಗಮನ ಕಾಲದಲ್ಲಿ ಪ್ರತಿ ವಾರ್ಡಿನ ಯುವಜನರು ಮಲಗಿದಲ್ಲೇ ಇರುವ ರೋಗಿ ಇರುವ, ಸಂತ್ರಸ್ತ ಮಗು ಇರುವ ಒಂದು ಮನೆಯನ್ನು ಗುರಿಕಾರರ ಬಳಿ ಕೇಳಿ ತಿಳಿದುಕೊಳ್ಳಲಿ. ಜಾತಿ ಧರ್ಮ ಕೇಳುವುದು ಬೇಡ. ನಾಲ್ಕು ಭಾನುವಾರ, ಪೂಜೆ ಮುಗಿದ ಮೇಲೆ ಎರಡು ಗಂಟೆ ಅಲ್ಲಿರೋಣ. ಔಷಧಿ ತರುವುದಿದ್ದರೆ ತರೋಣ, ಪಿಂಚಣಿಯ ಕಾಗದ ಬರೆಯುವುದಿದ್ದರೆ ಬರೆಯೋಣ. ಕರ್ತರು ಯಾವಾಗ ಬೇಕಾದರೂ ಬರಲಿ, ಬಂದಾಗ ನಾವು ಆ ಮನೆಯಲ್ಲಿ ಸಿಗೋಣ.